ಕೋಲಕಾರ ಮುಟ್ಟುವ ತನಕ

ಅಂಕೋಲೆ ಕಡೆಯ ಹಿಲ್ಲೂರಿನಿಂದ ಇನ್ನೂ ಒಳಗೆ, ಡಾಂಬರು ಮುಗಿದು ಮಣ್ಣಿನ ರಸ್ತೆ ಶುರುವಾಗುವಲ್ಲಿ, ಹದಿನಾಲ್ಕು ಮನೆಗಳ ಒಂದು ಕೊಪ್ಪವಿದೆ. ಮನೆ ಹದಿನಾಲ್ಕೇ ಆದರೂ ವ್ಯವಸ್ಥೆಗೇನೂ ಕೊರತೆಯಿಲ್ಲ. ನ್ಯಾಯ ಹೇಳಲು ಒಬ್ಬ ಗೌಡ, ಅವನಿಗೆ ಸಲಹೆ ಕೊಡಲು ಒಬ್ಬ ಬುದ್ಧಿವಂತ, ಇವರಿಬ್ಬರ ಮಾತನ್ನು ಮನೆಮನೆಗೆ ಮುಟ್ಟಿಸಲು ಒಬ್ಬ ಕೋಲಕಾರ. ಬುದ್ಧಿವಂತ ಎಂಬುದು ಹುದ್ದೆಯ ಹೆಸರು ಅಷ್ಟೇ; ಅದಕ್ಕೆ ತಕ್ಕಂತೆ ಇರಲೇಬೇಕೆಂದು ಯಾರೂ ಒತ್ತಾಯ ಮಾಡಿದವರಲ್ಲ. ಆದರೆ ಕೋಲಕಾರ ಮಾತ್ರ ನಿಜಕ್ಕೂ ಕೋಲಕಾರನೇ ಆಗಿರಬೇಕು. ನಡೆಯಲು ಕಾಲು ಗಟ್ಟಿ ಇರಬೇಕು, ಆಡಲು ನಾಲಿಗೆ ಹದದಲ್ಲಿರಬೇಕು.

ಆ ಕೊಪ್ಪದ ಕೋಲಕಾರ ಪುಟ್ಟು. ವಯಸ್ಸು ಅರವತ್ತಮೂರು. ಹತ್ತೊಂಬತ್ತನೇ ವರ್ಷಕ್ಕೆ ಅಪ್ಪನ ಕೈಯ ಕೋಲು ಇವನ ಕೈಗೆ ಬಂತು. ಕೋಲಿನಿಂದ ಹೊಟ್ಟೆ ತುಂಬುವುದಿಲ್ಲ. ಮದುವೆಯಲ್ಲಿ ಎಲೆಯಡಿಕೆಯ ಒಂದು ಕವಳ, ಒಂದು ತೆಂಗಿನಕಾಯಿ, ಎಲ್ಲರಿಗಿಂತ ಮೊದಲು ಒಂದು ಕರೆ, ಅಷ್ಟೇ. ಹೊಟ್ಟೆಪಾಡಿಗೆ ಅವನು ಕೂಲಿ ಮಾಡುತ್ತಾನೆ. ಬೇಲಿ ಕಟ್ಟುತ್ತಾನೆ, ಕಾಯಿ ಸುಲಿಯುತ್ತಾನೆ, ಕಂಡವರ ಗದ್ದೆಗೆ ಅಂಚು ಕಡಿಯುತ್ತಾನೆ. ಕೆಲಸದ ನಡುವೆ ಗೌಡನಿಂದ ಕರೆ ಬಂದರೆ ಕತ್ತಿಯನ್ನು ಅಲ್ಲೇ ಮರಕ್ಕೆ ಕಚ್ಚಿಸಿ ಹೊರಡುತ್ತಾನೆ. ಕೆಲಸ ಕೊಟ್ಟವರು ಗೊಣಗುತ್ತಾರೆ, ಮರುದಿನ ಮತ್ತೆ ಅವನನ್ನೇ ಕರೆಯುತ್ತಾರೆ, ಯಾಕೆಂದರೆ ಪುಟ್ಟು ಕಟ್ಟಿದ ಬೇಲಿಯನ್ನು ದನ ನುಗ್ಗಿ ಮುರಿದದ್ದಿಲ್ಲ.

ಮದುವೆಯ ಹೇಳಿಕೆ, ಪಂಚಾಯ್ತಿಯ ಹೇಳಿಕೆ ಯಾರು ಬೇಕಾದರೂ ಹೇಳಬಹುದು. ಕೋಲಕಾರನ ಪರೀಕ್ಷೆ ಇರುವುದು ಸಾವಿನ ಸುದ್ದಿಯಲ್ಲಿ. ಅಪ್ಪ ಕಲಿಸಿದ ಕ್ರಮವನ್ನು ಪುಟ್ಟು ನಲವತ್ತನಾಲ್ಕು ವರ್ಷ ಬಿಟ್ಟವನಲ್ಲ. ಅಂಗಳದಲ್ಲಿ ನಿಂತು ಹೇಳಬಾರದು. ಒಳಗೆ ಹೋಗಬೇಕು, ಕುಡಿಯಲು ನೀರು ಕೇಳಬೇಕು. ನೀರು ತರುವಷ್ಟು ಹೊತ್ತಿನಲ್ಲಿ ಮನೆಯಲ್ಲಿ ಯಾರ್ಯಾರಿದ್ದಾರೆ, ಸುದ್ದಿ ಕೇಳಬೇಕಾದವಳ ಹತ್ತಿರ ಇನ್ನೊಂದು ಜೀವ ಇದೆಯೇ, ಒಲೆಯ ಮೇಲೆ ಎಸರು ಕುದಿಯುತ್ತಿದೆಯೇ, ಎಲ್ಲ ಕಣ್ಣಲ್ಲೇ ನೋಡಿಕೊಳ್ಳಬೇಕು. ಒಬ್ಬಳೇ ಇದ್ದರೆ ಪಕ್ಕದ ಮನೆಯವಳನ್ನು ಯಾವುದೋ ನೆಪದಲ್ಲಿ ಕರೆಸಬೇಕು. ಆಮೇಲೆ ಹೇಳಬೇಕು. ‘ಸತ್ತ’ ಎನ್ನುವ ಮಾತು ಬಾಯಿಂದ ಬರಕೂಡದು. ‘ಸ್ವಲ್ಪ ಜೋರಾಗಿದೆ, ಹೊರಡಿ’ ಎಂದರೆ ಆಯಿತು. ಕೇಳಿದವರಿಗೂ ಅರ್ಥವಾಗುತ್ತದೆ, ಹೇಳಿದವನಿಗೂ ಗೊತ್ತು. ಆದರೂ ಬಸ್ಸು ಹತ್ತಿ ತವರಿಗೆ ಮುಟ್ಟುವ ತನಕ ಆ ಹೆಣ್ಣಿನ ಕೈಯಲ್ಲಿ ಒಂದು ಎಳೆ ಉಳಿದಿರುತ್ತದೆ. ಆ ಎಳೆಯನ್ನು ಕಿತ್ತುಕೊಳ್ಳುವ ಹಕ್ಕು ಕೋಲಕಾರನಿಗೆ ಇಲ್ಲ.

ಕಾಲ ಬದಲಾಯಿತು, ಎಲ್ಲರ ಕೈಗೆ ಮೊಬೈಲು ಬಂತು, ಕೊಪ್ಪಕ್ಕೂ ಒಂದು ವಾಟ್ಸಾಪ್ ಗ್ರೂಪ್ ಆಯಿತು. ಗೌಡನ ಮಗ ಜಗದೀಶ ಅದನ್ನು ಮಾಡಿದವನು. ಒಳ್ಳೆಯ ಹುಡುಗ, ಕೈ ಮಾತ್ರ ತುಸು ಮುಂದೆ. ಕಂಡವರನ್ನೆಲ್ಲ ಸೇರಿಸಿ ಸೇರಿಸಿ ನೂರ ನಲವತ್ತು ಜನ ಮಾಡಿದ್ದ. ಅಂಕೋಲೆಯ ಗೊಬ್ಬರದ ಅಂಗಡಿಯವನು, ವಿಮೆ ಮಾಡಿಸುವವನು, ಒಮ್ಮೆ ಬಾವಿ ತೋಡಲು ಬಂದವನು, ಎಲ್ಲರೂ ಅದರಲ್ಲಿದ್ದರು. ಬೆಳಗಾದರೆ ಹೂವಿನ ಚಿತ್ರ, ಸಂಜೆಯಾದರೆ ಸಾಲ ಬೇಕೇ ಎಂಬ ಜಾಹೀರಾತು.

ಹೋದ ವರ್ಷ ಕಾಮಿಯ ಅಪ್ಪ ತೀರಿಕೊಂಡ. ಕಾಮಿಯನ್ನು ಕೊಟ್ಟದ್ದು ಅಮದಳ್ಳಿಗೆ; ಅವಳು ದಿನಾ ಕಾರವಾರದ ಮಾರುಕಟ್ಟೆಯಲ್ಲಿ ತರಕಾರಿ ಇಟ್ಟುಕೊಂಡು ಕೂರುವವಳು. ಗೌಡ ಹೇಳಿದ ಕೂಡಲೇ ಪುಟ್ಟು ಹೊರಟ. ಅವನು ಅಂಕೋಲೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜಗದೀಶ ಹೆಣದ ಫೋಟೊ ತೆಗೆದು, ಸುತ್ತ ಹೂವಿನ ಚೌಕಟ್ಟು ಕೂರಿಸಿ, ‘ಓಂ ಶಾಂತಿ’ ಎಂದು ಬರೆದು ಗ್ರೂಪಿಗೆ ಹಾಕಿಬಿಟ್ಟ. ಕಾಮಿ ಬದನೆಕಾಯಿ ತೂಗುತ್ತ, ಯಾವುದೋ ಹಬ್ಬದ ಶುಭಾಶಯ ಇರಬೇಕೆಂದು ತೆರೆದು ನೋಡಿದಳು. ಪುಟ್ಟು ಮುಟ್ಟುವಾಗ ಅವಳು ಬುಟ್ಟಿಗಳ ನಡುವೆ ಕೂತಿದ್ದಳು, ಅತ್ತು ಮುಗಿದಿತ್ತು. ಅವನನ್ನು ನೋಡಿ ಹೇಳಿದಳು:

‘ನೀವು ಇಷ್ಟು ದೂರ ಎಂತಕೆ ಬಂದ್ರಿ ಮಾವ? ಮೊಬೈಲಿಗೆ ಆವಾಗೇ ಬಂದಾಯ್ತಲ್ಲ.’

ಸಿಟ್ಟಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ಪುಟ್ಟುವಿನ ಎದೆಯಲ್ಲಿ ಮುಳ್ಳಾಗಿ ಕೂತಿತು. ತನ್ನ ಕೆಲಸ ಹೋಯಿತಲ್ಲ ಎಂಬ ದುಃಖ ಅದಲ್ಲ. ಸುತ್ತ ಗಿರಾಕಿಗಳು ನಿಂತಿರುವಾಗ, ತಕ್ಕಡಿ ಕೈಯಲ್ಲಿರುವಾಗ, ಹಿಡಿದುಕೊಳ್ಳಲು ಯಾರೂ ಇಲ್ಲದೆ ಒಬ್ಬ ಮಗಳು ಅಪ್ಪನ ಹೆಣ ನೋಡಿದಳಲ್ಲ ಎಂಬ ಸಂಕಟ. ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ತನ್ನ ಮಗಳು ಭಾರತಿಯ ನೆನಪಾಯಿತು.

ಭಾರತಿ ಹುಟ್ಟಿ ನಾಲ್ಕು ತಿಂಗಳಿಗೆ ಅವಳ ತಾಯಿ ಹೋದಳು. ಮಗುವನ್ನು ಎತ್ತಿಕೊಂಡವಳು ಪುಟ್ಟುವಿನ ಅಕ್ಕ ದುರ್ಗಿ. ಗಂಡ ಸತ್ತು ತವರಿಗೆ ಬಂದು ಕೂತಿದ್ದ ದುರ್ಗಿಗೆ ಮಕ್ಕಳಿರಲಿಲ್ಲ. ಸಂಬಂಧದಲ್ಲಿ ಅತ್ತೆಯಾದರೂ ಭಾರತಿ ಅವಳನ್ನು ಕರೆದದ್ದು ಅವ್ವಿ ಎಂದೇ. ಆ ಮಗಳನ್ನು ಶಿರವಾಡದ ಉದಯನಿಗೆ ಕೊಟ್ಟರು. ಉದಯ ಟಿಪ್ಪರ್ ಓಡಿಸುವವನು, ಬೆಳಿಗ್ಗೆ ಹೋದರೆ ಕತ್ತಲೆಗೆ ಬರುವವನು. ಮನೆಯಲ್ಲಿ ಅತ್ತೆ ಮಾವ ಯಾರೂ ಇಲ್ಲ. ಮೊದಲ ಬಸಿರು ಆರನೇ ತಿಂಗಳಲ್ಲಿ ಹೋಯಿತು. ಬಿಪಿ ಇದೆ, ಮುಂದಿನ ಸಲ ಜಾಗ್ರತೆ ಎಂದಿದ್ದರು ಡಾಕ್ಟರು. ಅಂಥ ಫೋಟೊ ಎಂದಾದರೂ ಭಾರತಿಯ ಕೈಗೆ, ಅವಳು ಒಬ್ಬಳೇ ಇರುವಾಗ ಬಂದರೆ? ದುರ್ಗಿಗೆ ಎಪ್ಪತ್ತು ದಾಟಿತ್ತು. ಅಂಥ ದಿನ ಬಂದೇ ಬರುತ್ತದೆಂದು ಪುಟ್ಟುವಿಗೆ ಗೊತ್ತಿತ್ತು.

ಕಾಮಿಯ ಪ್ರಕರಣದ ಮೇಲೆ ಕೊಪ್ಪದಲ್ಲಿ ಮಾತು ಬಂತು. ಹಳೆಯ ಗ್ರೂಪು ಸಾಕು, ನಮ್ಮ ಮನೆಯವರು, ನಮ್ಮಿಂದ ಕೊಟ್ಟ ಹೆಣ್ಣುಮಕ್ಕಳು, ಇಷ್ಟೇ ಜನರಿಗೆ ಬೇರೆ ಒಂದು ಬೇಕು, ಹೊರಗಿನವರ ಕಣ್ಣಿಗೆ ಬೀಳಬಾರದು. ಯಾವ ಆಪ್ ಎಂದು ನೋಡುವ ಕೆಲಸ ರಕ್ಷಿತಾಳಿಗೆ ಬಿತ್ತು. ಅವಳು ಬುದ್ಧಿವಂತನ ಮೊಮ್ಮಗಳು, ಅಂಕೋಲೆಯಲ್ಲಿ ಡಿಗ್ರಿ ಓದುವವಳು. ಆ ಮನೆತನದ ಹೆಸರನ್ನು ಕಡೆಗೂ ಒಬ್ಬಳು ಉಳಿಸಿದಳು ಎಂದು ಜನ ನಗುತ್ತಿದ್ದರು.

ಮೇ ತಿಂಗಳ ಒಂದು ಸಂಜೆ ಗೌಡನ ಅಂಗಳದಲ್ಲಿ ಎಲ್ಲರೂ ಸೇರಿದರು. ರಕ್ಷಿತಾ ಮೂರು ಆಪ್‌ಗಳ ಗುಣದೋಷ ಹೇಳಿದಳು. ಈಗ ಇರುವುದರಲ್ಲೇ ಹೊಸ ಗ್ರೂಪು ಮಾಡಬಹುದು, ಸಂದೇಶಕ್ಕೆ ಬೀಗವೂ ಇದೆ. ಆದರೆ ಹೊಸದಕ್ಕೆ ಹಾಕಬೇಕಾದದ್ದನ್ನು ಜಗದೀಶನ ಬೆರಳು ತಪ್ಪಿ ಹಳೆಯದಕ್ಕೆ ಹಾಕುವುದು ಗ್ಯಾರಂಟಿ. ಎರಡನೆಯದರಲ್ಲಿ ನಂಬರು ಮುಚ್ಚಿಡಬಹುದು. ಆದರೆ ಗ್ರೂಪಿನ ಮಾತಿಗೆ ಬೀಗವಿಲ್ಲ. ಮೂರನೆಯದು ಎಲ್ಲಕ್ಕೂ ಬೀಗ ಹಾಕುತ್ತದೆ, ಜಾಹೀರಾತಿಲ್ಲ, ಇಂತಿಷ್ಟು ದಿನಕ್ಕೆ ಸಂದೇಶ ತನ್ನಿಂದ ತಾನೇ ಅಳಿಸಿಹೋಗುವಂತೆ ಮಾಡಬಹುದು. ಕಳಿಸಿದ್ದನ್ನು ಹಿಂದಕ್ಕೆ ತೆಗೆಯಲೂ ಬರುತ್ತದೆ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅದೆಂಥಾ ಹಿಂದಕ್ಕೆ ತೆಗೆಯುವುದು ಎಂದು ಗೌಡ ಗೊಣಗಿದ.

ಜಗದೀಶನಿಗೆ ತಾಳ್ಮೆಯಿಲ್ಲ, ಕೂತಲ್ಲೇ ಮೂರನೆಯದನ್ನು ಹಾಕಿಕೊಂಡ. ಐದು ನಿಮಿಷದಲ್ಲಿ ಅವನ ಫೋನು ಟಿಣ್ ಟಿಣ್ ಎಂದಿತು. ಅವನ ನಂಬರು ಇದ್ದು, ಮೊದಲೇ ಆ ಆಪ್ ಇಟ್ಟುಕೊಂಡಿದ್ದವರಿಗೆಲ್ಲ ‘ಜಗದೀಶ ಬಂದಿದ್ದಾನೆ’ ಎಂದು ತಿಳಿದುಹೋಗಿತ್ತು. ಮೊದಲು ಸ್ವಾಗತ ಕೋರಿದವನು ವಿಮೆಯವನು. ಗುಟ್ಟಿನ ಮನೆಗೆ ಹೋದರೆ ಅಲ್ಲಿ ಊರವರೆಲ್ಲ ಮೊದಲೇ ಕೂತಿದ್ದಾರಲ್ಲ ಎಂದು ಅಂಗಳವಿಡೀ ನಕ್ಕಿತು. ಆಪ್‌ಗೆ ಬಂದವರೆಲ್ಲ ನಮ್ಮ ಗ್ರೂಪಿಗೆ ಬಂದ ಹಾಗಲ್ಲ ಎಂದು ರಕ್ಷಿತಾ ಹತ್ತು ಸಲ ಬಿಡಿಸಿ ಹೇಳಬೇಕಾಯಿತು.

ಪುಟ್ಟು ಕಂಬಕ್ಕೆ ಒರಗಿ ಕವಳ ಜಗಿಯುತ್ತ ಎಲ್ಲ ಕೇಳಿದ. ಕಡೆಗೆ ಎದ್ದು ಹೋಗಿ ಉಗಿದು ಬಂದು ಕೇಳಿದ.

‘ತಂಗಿ, ಇದ್ರಲ್ಲಿ ಹಾಕಿದ್ದು ಮೊದ್ಲು ಯಾರಿಗೆ ಮುಟ್ತದೆ?’

‘ಎಲ್ಲರಿಗೂ ಒಟ್ಟಿಗೇ ಅಜ್ಜ.’

‘ಓದುವಳ ಹತ್ರ ಯಾರಾದ್ರೂ ಇದ್ರೋ ಇಲ್ಯೋ, ಅದಕ್ಕೆ ಗೊತ್ತಾಗ್ತದೋ?’

ರಕ್ಷಿತಾ ಇಲ್ಲವೆಂದಳು. ಯಾವ ಆಪ್‌ಗೂ ಗೊತ್ತಾಗುವುದಿಲ್ಲ, ಬೀಗ ಎಂದರೆ ದಾರಿಯಲ್ಲಿ ಯಾರೂ ಕದ್ದು ಓದದ ಹಾಗೆ, ಅಷ್ಟೇ. ‘ಬೀಗ ಇರೂದು ದಾರಿಗೆ ಅಜ್ಜ, ಬಾಯಿಗಲ್ಲ.’

‘ಹಂಗಾರೆ ಬಾಯಿಗೆ ನಾನು ಹಾಕ್ತೆ’ ಎಂದ ಪುಟ್ಟು.

ಅವನು ಹಾಕಿದ ಬೀಗ ಒಂದೇ ಸಾಲಿನದು. ಯಾವ ಆಪ್ ಆದರೂ ಅಡ್ಡಿಯಿಲ್ಲ. ಸಾವಿನ ಸುದ್ದಿಯನ್ನು ಕೋಲಕಾರ ಮುಟ್ಟುವ ತನಕ ಯಾರೂ ಹಾಕಕೂಡದು. ದೂರದವರಾದರೆ ಯಾರಿಗೆ ಯಾರಿಂದ ಫೋನು ಮಾಡಿಸಬೇಕು, ಹತ್ತಿರ ಯಾರನ್ನು ಕೂರಿಸಬೇಕು ಎಂಬುದನ್ನೂ ಕೋಲಕಾರನೇ ಹೇಳುತ್ತಾನೆ. ಎಲ್ಲ ಮುಟ್ಟಿದ ಮೇಲೆ ಅವನು ಗ್ರೂಪಿನಲ್ಲಿ ಮುಟ್ಟಿತು ಎಂದು ಹೇಳಬೇಕು, ಆಮೇಲೆ ಹೂವಿನ ಚೌಕಟ್ಟು ಹಾಕುವವರು ಹಾಕಿಕೊಳ್ಳಲಿ. ಹುಡುಗರು ನಕ್ಕರು, ಆದರೂ ಕೈ ಎತ್ತಿದರು. ಜಗದೀಶ ಎಲ್ಲರಿಗಿಂತ ಮೊದಲು ಎತ್ತಿದ. ಕಾಮಿಯ ಮುಖ ನೋಡಲು ಅವನಿಗೆ ಇನ್ನೂ ನಾಚಿಕೆಯಿತ್ತು. ರಕ್ಷಿತಾ ಮೂರನೆಯ ಆಪ್‌ನಲ್ಲಿ ಗ್ರೂಪು ಮಾಡಿ, ಅದರ ನೆತ್ತಿಯಲ್ಲಿ ಆ ಸಾಲನ್ನು ಬರೆದಿಟ್ಟಳು. ಮುಂದೆ ಪುಟ್ಟುವಿನದೂ ಸೇರಿ ಅರವತ್ತೊಂದು ಫೋನುಗಳಾದವು.

ಮೊದಮೊದಲು ಗಲಾಟೆಯೇ. ಸಂದೇಶ ಒಂದು ದಿನಕ್ಕೆ ಅಳಿಸಿಹೋಗುವಂತೆ ಇಟ್ಟಿದ್ದರು. ಗೌಡ ಸಭೆಗೆ ಕರೆದದ್ದು ನೋಡಿದ ಮರುದಿನ ಮಾಯವಾಗಿ, ತಾರೀಖು ಮರೆತುಹೋಗಿ, ಸಭೆಗೆ ಬಂದವನು ಬುದ್ಧಿವಂತ ಒಬ್ಬನೇ. ಆಮೇಲೆ ಅದನ್ನು ನಾಲ್ಕು ವಾರಕ್ಕೆ ಏರಿಸಿದರು. ಭಾರತಿ ಅಪ್ಪನಿಗೆ ಒಂದು ಸ್ಮಾರ್ಟ್‌ಫೋನು ಕೊಡಿಸಿದಳು. ಅವನು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕವಳದ ಚೀಲದಲ್ಲಿ ಇಟ್ಟುಕೊಂಡು, ಸುಣ್ಣದ ಬೆರಳಿನಿಂದಲೇ ಒತ್ತುತ್ತಿದ್ದ. ಶಾಲೆ ಕಲಿತದ್ದು ಮೂರನೇ ಇಯತ್ತೆ, ಓದುವುದೂ ಅದೇ ಮಟ್ಟದ್ದು. ಅವನಿಗೆ ಧ್ವನಿಯ ಸಂದೇಶವೇ ಸಲೀಸು, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳುತ್ತಿದ್ದ.

ಆ ಗ್ರೂಪಿನಲ್ಲಿ ದಿನಾ ತಪ್ಪದೆ ನಡೆಯುತ್ತಿದ್ದದ್ದು ಒಂದೇ. ಬೆಳಿಗ್ಗೆ ಒಂಬತ್ತೂಕಾಲಿಗೆ, ಉದಯ ಕೆಲಸಕ್ಕೆ ಹೋದ ಮೇಲೆ, ಭಾರತಿ ಅವ್ವಿಗೆ ಒಂದು ಮಾತು ಕಳಿಸುತ್ತಿದ್ದಳು. ದುರ್ಗಿಗೆ ಫೋನು ಇರಲಿಲ್ಲ, ಬೇಕೆಂದೂ ಇರಲಿಲ್ಲ. ರಕ್ಷಿತಾ ಕಾಲೇಜಿಗೆ ಹೊರಡುವ ಮುಂಚೆ ಹೋಗಿ ಕೇಳಿಸಿ, ದುರ್ಗಿಯ ಉತ್ತರವನ್ನು ತನ್ನ ಫೋನಿನಿಂದ ಕಳಿಸುತ್ತಿದ್ದಳು. ಫೋನು ಕಿವುಡು ಎಂದು ತಿಳಿದ ಹಾಗೆ ದುರ್ಗಿ ಕೂಗಿ ಹೇಳುತ್ತಿದ್ದಳು: ಹುಳಿ ತಿನ್ನಬೇಡ, ಕಾಲು ಇಳಿಬಿಟ್ಟು ಕೂರಬೇಡ, ಬಾವಿ ನೀರು ಸೇದಬೇಡ. ಭಾರತಿ ಮತ್ತೆ ಬಸುರಿಯಾಗಿದ್ದಳು. ಅರವತ್ತೊಂದು ಫೋನುಗಳೂ ಆ ಬೈಗುಳವನ್ನು ದಿನಾ ಕೇಳುತ್ತಿದ್ದವು. ಗೌಡ ಮಾತ್ರ ಗ್ರೂಪಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನ ಅಪ್ಪಣೆಗಳನ್ನೆಲ್ಲ ಜಗದೀಶನೇ ಬರೆದು ಹಾಕುತ್ತಿದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ ದುರ್ಗಿ ಹರಿವೆ ಸೊಪ್ಪಿನ ಸಾಲಿಗೆ ನೀರು ಹಾಕಿ, ಕೊಡವನ್ನು ಪಕ್ಕಕ್ಕಿಟ್ಟು, ಅಂಚಿಗೆ ಒರಗಿ ಕೂತಳು. ಕೂತವಳು ಏಳಲಿಲ್ಲ. ಏಳೂವರೆಗೆ ರಕ್ಷಿತಾ ನೋಡಿ ಕೂಗಿಕೊಂಡಳು. ಪುಟ್ಟು ಓಡಿ ಬಂದು ಅಕ್ಕನ ಕೈ ಹಿಡಿದಾಗ ಕೈ ಒದ್ದೆಯಾಗಿತ್ತು, ತಣ್ಣಗಿತ್ತು. ಅವನು ಅಲ್ಲೇ ಮಣ್ಣಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಮುಖ ತೊಳೆದುಕೊಂಡ. ಭಾರತಿಗೆ ಎಂಟು ತಿಂಗಳು ತುಂಬುತ್ತ ಬಂದಿತ್ತು.

ಹೆಣವನ್ನು ಮನೆಯ ಒಳಗೆ ತಂದು ಮಲಗಿಸಿದರು. ಗೌಡ ಪುಟ್ಟುವನ್ನು ಬದಿಗೆ ಕರೆದು ಎರಡು ಮಾತು ಹೇಳಿದ. ಒಂದು, ಹೆರಿಗೆಯಾಗುವ ತನಕ ಭಾರತಿಗೆ ತಿಳಿಸುವುದು ಬೇಡ, ಹೇಗೂ ಬಸುರಿ ಹೆಣ ನೋಡುವ ಹಾಗಿಲ್ಲ. ಎರಡು, ತಿಳಿಸುವುದೇ ಆದರೆ ಪುಟ್ಟು ಹೋಗಬಾರದು, ತನ್ನ ಮನೆಯ ಸಾವನ್ನು ಕೋಲಕಾರ ತಾನೇ ಹೊತ್ತು ಹೋದ ಸಂಪ್ರದಾಯವಿಲ್ಲ, ಜಗದೀಶ ಹೋಗಿ ಬರಲಿ. ಪುಟ್ಟು ಎರಡನ್ನೂ ಒಪ್ಪಲಿಲ್ಲ. ಗೌಡನ ಮಾತಿಗೆ ಅವನು ಎದುರಾಡಿದ್ದು ಅದೇ ಮೊದಲು.

‘ದಿನಾ ಒಂಬತ್ತೂಕಾಲಿಗೆ ಅವ್ವಿ ಎಲ್ಲಿ ಅಂತ ಕೇಳ್ತದೆ ಕೂಸು. ಒಂದು ತಿಂಗಳು ಸುಳ್ಳು ಹೇಳೂಕೆ ಯಾರ ನಾಲಿಗೆಲಿ ಅಷ್ಟು ಜೀವ ಅದೆ? ನಾನೇ ಹೋತೆ. ನಾ ಬರೂ ತನಕ ಅಕ್ಕನ ಎತ್ತೂದು ಬ್ಯಾಡ.’

ಹೊರಡುವ ಮುಂಚೆ ರಕ್ಷಿತಾಳಿಗೆ ಕ್ರಮ ಹೇಳಿದ. ಕೊಟ್ಟ ಹೆಣ್ಣುಮಕ್ಕಳಿಗೆಲ್ಲ ಅವರವರ ಗಂಡಂದಿರ ಮೂಲಕ ಫೋನು ಹೋಗಲಿ. ಕಾಮಿ ಗಟ್ಟಿ ಹೆಣ್ಣು, ಅವಳಿಗೆ ನೇರವಾಗಿ ಹೇಳಬಹುದು. ಉದಯನಿಗೆ ಈಗ ಬೇಡ, ಟಿಪ್ಪರ್ ಓಡಿಸುತ್ತಿರುತ್ತಾನೆ. ಭಾರತಿಯ ಪಕ್ಕದ ಮನೆಯ ಕುಸುಮಾಳಿಗೆ ಫೋನು ಮಾಡಿ, ಕಾರಣ ಹೇಳದೆ, ಹೋಗಿ ಜೊತೆಗೆ ಕೂರಲು ಹೇಳು. ಜಗದೀಶ ಬೈಕಿನಲ್ಲಿ ಅವನನ್ನು ಅಂಕೋಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟು, ಕಟ್ಟಿಗೆ ಬಟ್ಟೆ ತರಲು ಪೇಟೆಗೆ ಹೋದ. ಕಾರವಾರದ ಬಸ್ಸು ನಿಂತೇ ಇತ್ತು. ಸೀಟಿನಲ್ಲಿ ಕೂತಾಗ ರಕ್ಷಿತಾಳ ಫೋನು ಬಂತು. ಎಲ್ಲರಿಗೂ ಮುಟ್ಟಿತು, ಆದರೆ ಕುಸುಮಾ ಮಾತ್ರ ಮೂರು ಸಲವೂ ಮೊಬೈಲು ಎತ್ತಲಿಲ್ಲ ಎಂದಳು.

ಅಂದರೆ ಅರವತ್ತು ಫೋನುಗಳಿಗೆ ಗೊತ್ತು. ಒಂದಕ್ಕೆ ಗೊತ್ತಿಲ್ಲ. ಆ ಒಂದರ ಮುಂದೆ ಭಾರತಿ ಒಬ್ಬಳೇ ಕೂತಿದ್ದಾಳೆ, ಮತ್ತು ಶಿರವಾಡಕ್ಕೆ ಮುಟ್ಟಲು ಇನ್ನೂ ಒಂದೂವರೆ ತಾಸು ಬೇಕು. ಬಸ್ಸು ಹೊರಟು ಅಂಕೋಲೆ ದಾಟುವಷ್ಟರಲ್ಲಿ ಕವಳದ ಚೀಲ ಟಿಣ್ ಎಂದಿತು. ಒಂಬತ್ತೂಕಾಲು. ಪುಟ್ಟು ಫೋನನ್ನು ಕಿವಿಗೆ ಒತ್ತಿಕೊಂಡ.

‘ಅವ್ವಿ, ಎದ್ಯನೇ? ರಾತ್ರಿಡೀ ಒದ್ದು ಒದ್ದು ನಿದ್ದೆ ಮಾಡೂಕೆ ಬಿಡ್ಲಿಲ್ಲ ನಿನ್ನ ಮೊಮ್ಮಗ. ಇವತ್ತು ನಾ ಬಾವಿ ಹತ್ರ ಹೋಗ್ಲಿಲ್ಲ, ಬೈಬ್ಯಾಡ. ನೀ ಎಂತ ತಿಂದೆ ಹೇಳು.’

ಪುಟ್ಟು ಅದನ್ನು ಇನ್ನೊಮ್ಮೆ ಕೇಳಿದ. ಮಾತಾಡಬಾರದು ಎಂದು ಬೀಗ ಹಾಕಿದವನು ಅವನು. ಅರವತ್ತು ಜನ ಬಾಯಿ ಮುಚ್ಚಿ ಕೂತಿದ್ದಾರೆ, ಅವನ ಮಾತಿಗೆ ಬೆಲೆ ಕೊಟ್ಟು. ಆದರೆ ದಿನಾ ಕಾಲು ಗಂಟೆಯೊಳಗೆ ಬರುವ ಬೈಗುಳ ಇವತ್ತು ಬಾರದೆ ಹೋದರೆ? ನಲವತ್ತನಾಲ್ಕು ವರ್ಷ ಸುದ್ದಿ ಹೊತ್ತವನಿಗೆ ಇಷ್ಟು ಹೊಳೆಯಲಿಲ್ಲವೇ, ಸುಮ್ಮನಿರುವುದೂ ಒಂದು ಸುದ್ದಿಯೇ ಎಂದು? ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ತಾನೇ ಏನಾದರೂ ಹೇಳೋಣವೆಂದು ಮೈಕಿನ ಗುರುತು ಒತ್ತಿ ಹಿಡಿದ, ಬಸ್ಸಿನ ಸದ್ದು ಅವಳಿಗೆ ಕೇಳೀತೆಂದು ಬಿಟ್ಟುಬಿಟ್ಟ. ಬಸ್ಸು ಅವರ್ಸಾ ದಾಟಿತು. ಗ್ರೂಪಿನಲ್ಲಿ ಭಾರತಿಯ ಮಾತಿನ ಕೆಳಗೆ ಏನೂ ಇಲ್ಲ.

ಹಾರವಾಡದ ಹತ್ತಿರ ಒಂದು ಸಾಲು ಬಂತು. ರಕ್ಷಿತಾ ಬರೆದಿದ್ದಳು. ಪುಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದ: ‘ಅವ್ವಿ ಹರಿವೆ ಸಾಲಿಗೆ ಹೋಗಿದ್ಲು ಭಾರತಕ್ಕ. ನಂಗೆ ಕಾಲೇಜಿಗೆ ಹೊತ್ತಾಯ್ತು. ಆಮೇಲೆ ಮಾತಾಡಸ್ತೆ.’ ಅವಳು ಅದನ್ನು ದುರ್ಗಿಯ ತಲೆಯ ಹತ್ತಿರ, ದೀಪದ ಪಕ್ಕದಲ್ಲಿ ಕೂತು ಬರೆದಿರಬೇಕು. ಅದರ ಬೆನ್ನಿಗೇ ಕಾಮಿಯ ಧ್ವನಿ ಬಂತು, ಮಾರುಕಟ್ಟೆಯ ಗದ್ದಲದ ನಡುವಿನಿಂದ. ಇವತ್ತು ಮೂಲಂಗಿ ಕೇಳುವವರೇ ಇಲ್ಲ, ಎಲ್ಲರಿಗೂ ಬಸಳೆಯೇ ಬೇಕಂತೆ, ಕೊಪ್ಪದಿಂದ ನಾಳೆ ಬಸಳೆ ಕಳಿಸಿ ಎಂದಳು. ಗಂಟಲು ಕಟ್ಟಿತ್ತು. ಥಂಡಿಯಾಗಿದೆ ಎಂದು ತಾನೇ ಸೇರಿಸಿದಳು. ವರ್ಷದ ಹಿಂದೆ ಅದೇ ಜಾಗದಲ್ಲಿ ಕೂತು ಅಪ್ಪನ ಹೆಣ ನೋಡಿದವಳು, ತನ್ನನ್ನು ಎತ್ತಿ ಆಡಿಸಿದ ಮುದುಕಿ ಸತ್ತಳೆಂದು ಅರ್ಧ ಗಂಟೆಯ ಹಿಂದಷ್ಟೇ ಕೇಳಿದವಳು, ಮೂಲಂಗಿಯ ಮಾತಾಡುತ್ತಿದ್ದಳು.

ಆಮೇಲೆ ಶುರುವಾಯಿತು. ಕಟ್ಟಿಗೆ ಡಿಪೋದ ಮುಂದೆ ನಿಂತ ಜಗದೀಶ ಒಂದು ಗುಲಾಬಿ ಹೂವು ಹಾಕಿ ಶುಭೋದಯ ಎಂದ. ಬುದ್ಧಿವಂತ ಗೇರು ಹೂವಿನ ಫೋಟೊ ಹಾಕಲು ಹೋಗಿ ತನ್ನ ಕಾಲು ಬೆರಳಿನ ಫೋಟೊ ಹಾಕಿದ. ಕೊಟ್ಟ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ, ತವರಿಗೆ ಹೊರಡಲು ಸೀರೆ ಉಟ್ಟುಕೊಳ್ಳುತ್ತ, ಮಕ್ಕಳ ಪರೀಕ್ಷೆಯ ಸುದ್ದಿ, ಮೀನಿನ ಸುದ್ದಿ, ನೆಗಡಿಯ ಸುದ್ದಿ ಹಾಕಿದರು. ಬೆರಳಿನ ಫೋಟೊಗೆ ಭಾರತಿ ಒಂದು ನಗು ಕಳಿಸಿದಳು. ಸಾವಿನ ಮನೆ ಸುತ್ತ ಕೂತ ಇಡೀ ಕೊಪ್ಪ, ಒಬ್ಬ ಬಸುರಿಗೆ ಅನುಮಾನ ಬಾರದಿರಲೆಂದು ಸಂತೆಯ ಮಾತು ಆಡುತ್ತಿತ್ತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಬಿಣಗಾ ದಾಟಿ ಸುರಂಗದೊಳಗೆ ಬಸ್ಸು ನುಗ್ಗಿದಾಗ ನೆಟ್‌ವರ್ಕ್ ಹೋಯಿತು. ಹೊರಗೆ ಬಂದಾಗ ಮತ್ತೆ ಟಿಣ್ ಎಂದಿತು, ಈ ಸಲ ಗೌಡ. ಗ್ರೂಪಿನಲ್ಲಿ ಅವನ ಸ್ವರ ಮೊದಲ ಸಲ ಕೇಳಿತು. ‘ನಮ್ಮನೆ ಆಡು ಬೇಲಿ ಹಾರಿ ಹೋಗಿತ್ತು. ಸಿಕ್ತು.’ ಅಷ್ಟೇ. ಪುಟ್ಟು ಫೋನನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತೆಂದು ಕೇಳಿದಳು. ನಮ್ಮ ಜನ ಒಳ್ಳೆಯವರು ಎಂದ ಪುಟ್ಟು. ಅವಳು ಏನೂ ಅರ್ಥವಾಗದೆ ಕಿಟಕಿಯತ್ತ ತಿರುಗಿದಳು.

ಕಾರವಾರದಲ್ಲಿ ಇಳಿದು ಆಟೋ ಹಿಡಿದ. ಶಿರವಾಡದಲ್ಲಿ ರಸ್ತೆಯ ಬದಿಯಲ್ಲೇ ಮನೆ. ಅಂಗಳಕ್ಕೆ ಕಾಲಿಟ್ಟಾಗ ಮೊದಲು ನೋಡಿದ್ದು ಕುಸುಮಾಳ ಚಪ್ಪಲಿಯನ್ನು, ಹೊಸ್ತಿಲ ಹೊರಗೆ. ಅವನಿಗೆ ಅರ್ಧ ಜೀವ ಬಂದ ಹಾಗಾಯಿತು. ಒಳಗೆ ಭಾರತಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಕಾಲು ನೀಡಿಕೊಂಡು. ಪಕ್ಕದಲ್ಲಿ ಕುಸುಮಾ ಸೊಪ್ಪು ಬಿಡಿಸುತ್ತಿದ್ದಳು. ‘ಬಸಾ, ಬಸಾ’ ಎಂದು ತನ್ನ ಕೊಂಕಣಿಯಲ್ಲಿ ಹೇಳಿ ಕೂರಲು ಮಣೆ ಸರಿಸಿದಳು.

ಪುಟ್ಟು ಮಣೆಯ ಮೇಲೆ ಕೂತು ನೀರು ಕೇಳಿದ. ಕುಸುಮಾ ತಂದುಕೊಟ್ಟಳು. ಕುಡಿದ. ಉದಯನ ಕೆಲಸ ಕೇಳಿದ, ಡಾಕ್ಟರು ಮತ್ತೆ ಯಾವಾಗ ಬರಹೇಳಿದ್ದಾರೆಂದು ಕೇಳಿದ. ಭಾರತಿ ಎಲ್ಲಕ್ಕೂ ಸಣ್ಣಗೆ ಉತ್ತರ ಕೊಟ್ಟಳು. ಅವಳ ಫೋನು ಮೂಲೆಯ ಸ್ಟೂಲಿನ ಮೇಲೆ ಕವುಚಿ ಇತ್ತು. ಕೇಳುವುದೆಲ್ಲ ಮುಗಿದು ಪುಟ್ಟು ಲೋಟವನ್ನು ತಿರುಗಿಸುತ್ತ ಕೂತಾಗ ಅವಳೇ ಬಾಯಿ ತೆರೆದಳು.

‘ಅಪ್ಪಾ, ಇವತ್ತು ಎಲ್ಲರೂ ಮಾತಾಡ್ರು. ಗೌಡಜ್ಜನೂ ಮಾತಾಡ್ದ, ಆಡಿನ ಸುದ್ದಿ. ಅವ್ವಿ ಒಬ್ಬಳು ಬಿಟ್ಟು.’

ಪುಟ್ಟು ಲೋಟವನ್ನು ಕೆಳಗಿಟ್ಟ.

‘ಆವಾಗೇ ನಂಗೆ ಗೊತ್ತಾಯ್ತು. ಕುಸುಮಕ್ಕನ ಕೂಗಿ ಕರ್ದು ಹತ್ರ ಕೂರ್ಸಿಕೊಂಡೆ. ಮೊಬೈಲ್ ಬಂದ್ ಮಾಡಿ ಇಟ್ಟೆ. ನೀ ಬತ್ತೆ ಅಂತ ಗೊತ್ತಿತ್ತು. ನಿನಕಿಂತ ಮೊದ್ಲು ಬೇರೆ ಯಾರ ಬಾಯಿಂದ್ಲೂ ಕೇಳೂದು ಬ್ಯಾಡ ಅಂತ ಕಾದೆ.’ ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ‘ಈಗ ಹೇಳು ಅಪ್ಪಾ.’

ಜೋರಾಗಿದೆ ಎನ್ನುವ ಮಾತು ರೂಢಿಯಿಂದ ಪುಟ್ಟುವಿನ ನಾಲಿಗೆಯ ತುದಿಗೆ ಬಂತು. ಮಗಳ ಮುಖ ನೋಡಿ ಅದನ್ನು ನುಂಗಿಕೊಂಡ. ಇವಳಿಗೆ ಎಳೆ ಬೇಕಾಗಿರಲಿಲ್ಲ, ಅಪ್ಪನ ಬಾಯಿಂದ ಮಾತು ಬೇಕಾಗಿತ್ತು.

‘ಅವ್ವಿ ಹೋದ್ಲು ಮಗಾ. ಬೆಳಿಗ್ಗೆ ಏಳೂವರೆಗೆ. ಹರಿವೆಗೆ ನೀರು ಹಾಕಿ ಕೂತಿದ್ಲು. ಸಂಕಟ ಪಡ್ಲಿಲ್ಲ.’

ಭಾರತಿ ಅವ್ವೀ ಎಂದು ಕೂಗಿ ಅತ್ತಳು. ಕುಸುಮಾ ಸೊಪ್ಪಿನ ಮೊರ ದೂಡಿ ಬಂದು ಅವಳನ್ನು ಹಿಂದಿನಿಂದ ಅಪ್ಪಿ ಹಿಡಿದು, ಬೆನ್ನು ಸವರುತ್ತ, ಉಸಿರು ನಿಧಾನವಾಗಿ ಬಿಡು ಎಂದು ಹೇಳುತ್ತಿದ್ದಳು. ಇಷ್ಟು ವರ್ಷ ಪುಟ್ಟು ಸುದ್ದಿ ಹೇಳಿದ ಮೇಲೆ ಯಾವ ಮನೆಯಲ್ಲೂ ನಿಂತವನಲ್ಲ. ಅಳು ಶುರುವಾದ ಕೂಡಲೇ ಕೋಲು ಎತ್ತಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದ. ಮುಟ್ಟಿಸಬೇಕಾದ ಇನ್ನೊಂದು ಮನೆ ಯಾವಾಗಲೂ ಇರುತ್ತಿತ್ತು. ಇವತ್ತೂ ಅವನ ಕೈ ಅಭ್ಯಾಸಬಲದಿಂದ ಕೋಲಿಗಾಗಿ ನೆಲ ತಡವಿತು, ಮೈ ಅರ್ಧ ಎದ್ದಿತು. ಹೋಗಬೇಕಾದ ಮನೆ ಯಾವುದೂ ಉಳಿದಿರಲಿಲ್ಲ. ಅವನು ಮಣೆ ಬಿಟ್ಟು ಸರಿದು ಮಗಳ ಕಾಲ ಹತ್ತಿರ ನೆಲದ ಮೇಲೆ ಕೂತ, ಅವಳ ಪಾದ ಹಿಡಿದುಕೊಂಡು ಅವಳ ಜೊತೆಗೇ ಅತ್ತ.